ಬೆನ್ನು ತಿರುಗಿಸಿದ ಸಾಲು

೧೯೪೦ರಲ್ಲಿ ನಾನು ಮಂಡ್ಯದಲ್ಲಿ ಗಾರೆ ಮೇಸ್ತ್ರಿಯಾಗಿದ್ದೆ. ನನಗಾಗ ಇಪ್ಪತ್ತೊಂಬತ್ತು ವರ್ಷ. ಕೈಕೆಳಗೆ ಹದಿನಾಲ್ಕು ಆಳುಗಳಿದ್ದರು. ಹುಟ್ಟಿದ್ದು ಮಳವಳ್ಳಿ ಕಡೆಯ ಹಳ್ಳಿಯಲ್ಲಿ, ಓದಿದ್ದು ಕನ್ನಡ ನಾಲ್ಕನೆಯ ತರಗತಿವರೆಗೆ. ಕೆಲಸ ಕಲಿತದ್ದು ಅಪ್ಪನ ಹಿಂದೆ ಸುಣ್ಣ ಕಲೆಸುತ್ತ. ಇಂಗ್ಲಿಷ್ ಅಕ್ಷರ ಒಂದೂ ಬರುತ್ತಿರಲಿಲ್ಲ, ಅಂಕಿಗಳು ಮಾತ್ರ ಗೊತ್ತಿದ್ದವು. ಪ್ಲಾನಿನ ಮೇಲಿನ ಅಂಕಿ ನೋಡಿ ಗೋಡೆ ಎಬ್ಬಿಸುವುದಕ್ಕೆ ಅಷ್ಟು ಸಾಕು ಎಂದುಕೊಂಡಿದ್ದೆ. ಆಮೇಲೆ ಮೂವತ್ತು ವರ್ಷ ಈ ಕೆಲಸ ಮಾಡಿದ್ದೇನೆ. ಎಷ್ಟೋ ಮನೆ, ಎರಡು ಛತ್ರ, ಒಂದು ಸೇತುವೆಯ ಕಂಬ ಕಟ್ಟಿದ್ದೇನೆ. ಅವುಗಳಲ್ಲಿ ಬಹಳಷ್ಟು ಮರೆತುಹೋಗಿವೆ. ಮರೆಯದೆ ಉಳಿದಿರುವುದು ಒಂದು ವಠಾರ.

ಮಂಡ್ಯ ಆಗಷ್ಟೇ ಜಿಲ್ಲೆಯಾಗಿತ್ತು. ಕಚೇರಿಗಳು ಬಂದವು, ಕಚೇರಿಯ ಹಿಂದೆ ಗುಮಾಸ್ತರು, ಜವಾನರು ಬಂದರು. ಬಾಡಿಗೆ ಮನೆ ಸಿಗದೆ ಜನ ಪರದಾಡುತ್ತಿದ್ದರು. ಮದ್ದೂರಿನ ಸಾಹುಕಾರರೊಬ್ಬರಿಗೆ ಮಂಡ್ಯದಲ್ಲಿ ಅಕ್ಕಿ ಗಿರಣಿಯಿತ್ತು. ಅವರು ಊರ ಅಂಚಿನಲ್ಲಿ ಒಂದು ನಿವೇಶನ ಕೊಂಡು, ಇಪ್ಪತ್ತು ಮನೆಯ ವಠಾರ ಕಟ್ಟಿಸಲು ಹೊರಟರು. ಒಂದೇ ಕಾಂಪೌಂಡು, ಒಂದೇ ಗೇಟು, ಒಂದೇ ಬಾವಿ. ಬಡಗಲಲ್ಲಿ ಹತ್ತು ಮನೆ ಒಂದು ಸಾಲು, ತೆಂಕಲಲ್ಲಿ ಹತ್ತು ಮನೆ ಇನ್ನೊಂದು ಸಾಲು. ಎರಡರ ನಡುವೆ ಅರವತ್ತು ಅಡಿ ಅಗಲ, ಇನ್ನೂರು ಅಡಿ ಉದ್ದದ ಅಂಗಳ. ಸಾಲುಗಳ ಹಿಂದೆ ಒಂದೊಂದು ಓಣಿ. ಬಾವಿ ಮೂಡಲ ಗೇಟಿನ ಪಕ್ಕದಲ್ಲಿ, ಕಕ್ಕಸುಗಳು ಪಡುವಲ ಗೋಡೆಯಾಚೆ.

ಪ್ಲಾನು ಬರೆದವರು ಓವರ್ಸಿಯರ್ ಶೇಷಾದ್ರಿಗಳು. ಸರ್ಕಾರಿ ಕೆಲಸದ ನಡುವೆ ಸಾಹುಕಾರರಿಗಾಗಿ ಬರೆದುಕೊಟ್ಟಿದ್ದರು. ಅವರ ನೀಲಿ ಕಾಗದದಲ್ಲಿ ಅಂಗಳದ ತುಂಬ ಪುಟ್ಟ ಪುಟ್ಟ ವೃತ್ತಗಳಿದ್ದವು. ಏನೆಂದು ಕೇಳಿದೆ.

"ಮರ ಕಣಯ್ಯ. ಹೊಂಗೆ, ನುಗ್ಗೆ, ಕರಿಬೇವು. ಇಪ್ಪತ್ತು ಮನೆಗೂ ಸೇರಿ ಒಂದು ಹಿತ್ತಲು," ಎಂದರು.

ನೆಲ ಅಗೆಯುವ ಮೊದಲೇ ಅವರಿಗೆ ವರ್ಗವಾಗಿ, ದೂರದ ನಾಲೆ ಕೆಲಸಕ್ಕೆ ಹೋದರು. ಕಾಗದ ನನ್ನ ಕೈಯಲ್ಲಿ ಉಳಿಯಿತು.

ಗೂಟ ಹೊಡೆದು ದಾರ ಕಟ್ಟುವ ದಿನ ನಾನು ಕಾಗದವನ್ನು ಇನ್ನೊಮ್ಮೆ ಬಿಡಿಸಿ ನೋಡಿದೆ. ತೆಂಕಲ ಸಾಲಿನ ಮನೆಗಳ ಬಾಗಿಲು ಅಂಗಳದ ಕಡೆಗೆ, ಅಂದರೆ ಬಡಗಲಿಗೆ ಇತ್ತು. ಅದು ಸರಿ. ಬಡಗಲ ಸಾಲಿನವೂ ಅಂಗಳಕ್ಕೆ ಮುಖ ಮಾಡಿದ್ದವು. ಆದರೆ ಮುಂಗೋಡೆಯಲ್ಲಿ ಕಿಟಕಿ ಇತ್ತು, ಬಾಗಿಲು ಕಾಣಲಿಲ್ಲ. ಜಗಲಿಯ ಪಕ್ಕದ ಗೋಡೆಯಲ್ಲಿ ಒಂದು ಚಿಕ್ಕ ಗೆರೆ, ಅದಕ್ಕೊಂದು ಕಮಾನಿನಂಥ ಬಾಗು ಇತ್ತು. ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಏನೋ ಬರೆದಿತ್ತು. ದೀಪದ ಗೂಡಿರಬೇಕು ಎಂದುಕೊಂಡೆ. ಕಚೇರಿಗೆ ಹೋಗಿ ಇಂಗ್ಲಿಷ್ ಬಲ್ಲ ಯಾರನ್ನಾದರೂ ಕೇಳಬಹುದಿತ್ತು. ಹದಿನಾಲ್ಕು ಆಳುಗಳ ಮೇಸ್ತ್ರಿ ಹೋಗಿ "ಇದೇನು ಓದಿ ಹೇಳಿ" ಎಂದು ಗುಮಾಸ್ತನ ಮುಂದೆ ನಿಲ್ಲುವುದು ನನಗೆ ಆಗಲಿಲ್ಲ.

ಸಾಹುಕಾರರು ಕೊಡೆ ಊರಿಕೊಂಡು ಪಕ್ಕದಲ್ಲೇ ನಿಂತಿದ್ದರು.

"ಸಾವ್ಕಾರ್ರೆ, ಬಡಗಲ ಸಾಲಿಗೆ ಓವರ್ಸಿಯರ್ರು ಬಾಗ್ಲೇ ಬರೆದಿಲ್ಲ," ಎಂದೆ.

"ಬಾಗ್ಲೇ ಇಲ್ವಾ? ಜನ ಏನು ಕಿಟ್ಕಿ ತೂರ್ಕಂಡು ಒಳೀಕ್ ಓದಾರಾ?" ಎಂದು ಅವರು ಹೊಟ್ಟೆ ಕುಲುಕಿಸಿ ನಕ್ಕರು. ನಾನೂ ನಕ್ಕೆ. ಓದಿದವರ ತಪ್ಪು ಹಿಡಿದ ಖುಷಿ ನನಗೆ.

"ಮರ್ತಿರ್ಬೇಕು. ಅಂಗಳದ ಕಡೀಕೆ ಇಟ್ರೆ ತೆಂಕ್ಲು ಬಾಗ್ಲಾಯ್ತದೆ."

ಅವರ ನಗು ನಿಂತಿತು. ತೆಂಕಲು ಯಮನ ದಿಕ್ಕು. ತಲೆಬಾಗಿಲು ಆ ಕಡೆ ಇರುವ ಮನೆಗೆ ನಮ್ಮಲ್ಲಿ ಯಾರೂ ಹಾಲು ಉಕ್ಕಿಸಿ ಒಳಗೆ ಹೋಗುವುದಿಲ್ಲ.

"ಯಮನ ಬಾಗ್ಲಿಗೆ ಬಾಡ್ಗೆ ಕೊಟ್ಟು ಯಾವೋನ್ಲಾ ಬಂದಾನು? ಏನ್ ಮಾಡೀಯೆ ಯೋಳು, ಮೇಸ್ತ್ರಿ."

"ಸಾಲ್ನೇ ತಿರುಗುಸ್ಬುಟ್ರೆ ಆಯ್ತು. ಬಾಗ್ಲು ಬಡಗಲ ಓಣಿಗೆ, ಬೆನ್ನು ಅಂಗಳಕ್ಕೆ."

"ತಿರುಗ್ಸು ಮತ್ತೆ. ಓದ್ದೋರ್ಗಿಂತ ನೀನೇ ವಾಸಿ ಕಣಯ್ಯ."

ಆ ಮಾತು ಕೇಳಿ ನಾನು ಎಷ್ಟು ದಿನ ಎದೆಯುಬ್ಬಿಸಿ ಓಡಾಡಿದೆನೋ. ಗೂಟ ಕಿತ್ತು ಮರುದಿನವೇ ಹೊಸ ದಾರ ಕಟ್ಟಿದೆವು. ೧೯೪೧ರ ಯುಗಾದಿಗೆ ಇಪ್ಪತ್ತು ಮನೆಯೂ ತುಂಬಿದವು.

ಬಡಗಲ ಸಾಲಿನ ಒಂಬತ್ತನೆಯ ಮನೆಗೆ ನನ್ನ ಅಕ್ಕ ಕೆಂಪಮ್ಮನೇ ಬಂದಳು. ಭಾವ ಅದೇ ಸಾಹುಕಾರರ ಗಿರಣಿಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದರು. ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಅವ್ವ ತೀರಿಕೊಂಡಾಗ ನನಗೆ ಐದು ವರ್ಷ. ಅಲ್ಲಿಂದ ನನಗೆ ಅನ್ನ ಹಾಕಿ, ತಲೆಗೆ ನೀರು ಹಾಕಿ, ಅಪ್ಪನ ಏಟಿಗೆ ಅಡ್ಡ ನಿಂತು ಬೆಳೆಸಿದವಳು ಅವಳು. ಮಕ್ಕಳಾಗಲಿಲ್ಲ. "ನಂಗೆ ಇವನೊಬ್ನೇ ಸಾಕು, ಇವನೇ ಅತ್ ಮಕ್ಳಷ್ಟು ಕಾಟ ಕೊಟ್ಟವ್ನೆ," ಎಂದು ಎಲ್ಲರೆದುರೂ ಹೇಳುತ್ತಿದ್ದಳು.

ಆರು ತಿಂಗಳಲ್ಲಿ ಅಂಗಳ ಕೆಟ್ಟಿತು. ಅದು ಹೇಗೆ ಕೆಟ್ಟಿತು ಎಂದು ಸ್ವಲ್ಪ ವಿವರವಾಗಿ ಹೇಳಬೇಕು.

ನಮ್ಮ ಕಡೆ ಮನೆಯ ಮುಂದೆ ಜಗಲಿ, ಮಧ್ಯೆ ನಡುಮನೆ, ಹಿಂದೆ ಅಡುಗೆಮನೆ, ಬಚ್ಚಲು. ಮನೆಯ ಮುಖವನ್ನು ಜನ ಗುಡಿಸಿ ಸಾರಿಸಿ ರಂಗೋಲಿ ಇಡುತ್ತಾರೆ. ಬೆನ್ನ ಕಡೆಗೆ ಮುಸುರೆ ಚೆಲ್ಲುತ್ತಾರೆ, ಬೂದಿ ಸುರಿಯುತ್ತಾರೆ. ಬೆನ್ನು ಓಣಿಯ ಕಡೆ ಇದ್ದಿದ್ದರೆ ಎಲ್ಲವೂ ಓಣಿಯ ಚರಂಡಿಗೆ ಹೋಗುತ್ತಿತ್ತು. ನಾನು ಬಡಗಲ ಸಾಲನ್ನು ತಿರುಗಿಸಿದ್ದರಿಂದ ಹತ್ತು ಮನೆಯ ಬಚ್ಚಲ ನೀರು ತೆಂಕಲ ಸಾಲಿನವರ ತಲೆಬಾಗಿಲ ಎದುರಿಗೇ ಹರಿಯಿತು. ಬಡಗಲಲ್ಲಿ ಹೆಚ್ಚಾಗಿ ಗಿರಣಿಯ ಆಳುಗಳು, ತೆಂಕಲಲ್ಲಿ ಗುಮಾಸ್ತರು, ಶಾಲೆಯ ಮೇಷ್ಟ್ರು. ಮೀನು ತೊಳೆದ ನೀರು ಒಮ್ಮೆ ರಂಗೋಲಿಯ ತನಕ ಬಂತು. ಆವತ್ತು ಶುರುವಾದ ಜಗಳ ಮತ್ತೆ ನಿಲ್ಲಲೇ ಇಲ್ಲ. ಓವರ್ಸಿಯರ್ ಬರೆದಿದ್ದ ಮರಗಳಲ್ಲಿ ನೆಟ್ಟದ್ದು ನಾಲ್ಕು. ನೀರು ಹಾಕುವುದು ಯಾರು ಎಂಬ ವಾದದಲ್ಲಿ ಮೂರು ಒಣಗಿದವು.

ತೆಂಕಲ ಸಾಲಿನವರು ಸಾಹುಕಾರರ ಹತ್ತಿರ ದೂರು ಹೇಳಿದರು. ಸಾಹುಕಾರರು ನನ್ನನ್ನು ಕರೆಸಿ, ಬಡಗಲ ಸಾಲಿನ ಹಿಂಬಾಗಿಲುಗಳನ್ನೆಲ್ಲ ಇಟ್ಟಿಗೆ ಇಟ್ಟು ಮುಚ್ಚಲು ಹೇಳಿದರು. ಬಾಗಿಲೇ ಇಲ್ಲದಿದ್ದರೆ ಹೊರಗೆ ಚೆಲ್ಲುವುದೆಲ್ಲಿಂದ? ನನಗೂ ಅದು ಸರಿಯೆನಿಸಿತು. ಸುದ್ದಿ ತಿಳಿದು ಅಕ್ಕ ಹಿಂಬಾಗಿಲ ಹೊಸ್ತಿಲ ಮೇಲೆ ಅಡ್ಡ ಕುಳಿತಿದ್ದಳು. ಅವಳ ಬಾಗಿಲಾಚೆ, ಅಂಗಳದ ಆ ಮೂಲೆಯಲ್ಲಿ, ಅವಳು ದಂಟು, ಅವರೆ, ಸೋರೆ ಹಾಕಿಕೊಂಡಿದ್ದಳು. ವಠಾರದಲ್ಲಿ ಹಸಿರು ಅಂತ ಇದ್ದದ್ದು ಅದೊಂದೇ.

"ನಂದೊಂದು ಬುಡ್ಲಾ, ಮಾದೇವ. ಒಂದ್ ಬಾಗ್ಲು ಯಾರ್ ಕಣ್ಗೆ ಕಾಣ್ತದೆ?"

"ಮೇಸ್ತ್ರಿ ಅಕ್ಕನ ಮನೆಗೊಂದು ನ್ಯಾಯ, ನಮಗೊಂದು ನ್ಯಾಯವಾ ಅಂತಾರೆ ಕಣಕ್ಕಾ."

"ಅಂದ್ರೆ ಅನ್ಲಿ. ಅವರ ಬಾಯ್ಗೂ ಒಂದೀಟು ಗಾರೆ ಮೆತ್ತು."

ಆಳುಗಳು ನಕ್ಕರು. ನನಗೆ ಸಿಟ್ಟು ಬಂತು.

"ಏಳಕ್ಕಾ ಮೇಲೆ. ಕೆಲ್ಸ ಕೆಡುಸ್ಬ್ಯಾಡ."

ಎದ್ದಳು. "ಇನ್ ಮೇಲೆ ಒಂದ್ ಇಡಿ ಸೊಪ್ಪು ಕಿತ್ಕಬರಕ್ಕೆ ವಠಾರೆಲ್ಲ ಸುತ್ತಾಕ್ಕಂಡು ಬರ್ಬೇಕಲ್ಲೋ," ಎಂದಷ್ಟೇ ಹೇಳಿ ಒಳಗೆ ಹೋದಳು. ಪಕ್ಷಪಾತ ಮಾಡುವವನಲ್ಲ ಎಂದು ಎಲ್ಲರಿಗೂ ತೋರಿಸಲು ನಾನು ಅವಳ ಬಾಗಿಲನ್ನೇ ಮೊದಲು ಮುಚ್ಚಿದೆ. ಆಳುಗಳಿಗೆ ಬಿಡದೆ ನಾನೇ ಕೈಯಾರೆ ಮುಚ್ಚಿದೆ.

ಹತ್ತು ಬಾಗಿಲು ನಾಲ್ಕು ದಿನದಲ್ಲಿ ಮುಗಿದವು. ಆದರೆ ಬಚ್ಚಲ ತೂಬುಗಳನ್ನು ಮುಚ್ಚುವಂತಿರಲಿಲ್ಲವಲ್ಲ. ನೀರು ಬರುತ್ತಲೇ ಇತ್ತು, ಬಡಗಲ ಸಾಲಿನ ಗೋಡೆಯುದ್ದಕ್ಕೂ ನೆಲ ಕೊರೆದು ಆಳದ ಚರಂಡಿಯಾಯಿತು. ಅದರ ವಾಸನೆಗೂ ನೋಟಕ್ಕೂ ಹೇಸಿ ತೆಂಕಲ ಸಾಲಿನವರು ತಮ್ಮ ಜಗಲಿಗಳಿಗೆ ಬಿದಿರು ತಟ್ಟಿ ಕಟ್ಟಿಕೊಂಡರು. ಒಬ್ಬರು ಕಟ್ಟಿದ್ದನ್ನು ನೋಡಿ ಇನ್ನೊಬ್ಬರು. ಹಿಂದಿನ ಓಣಿಯಿಂದಲೇ ಓಡಾಡತೊಡಗಿದರು. ಹೀಗೆ ಒಂದು ಕಡೆ ಇಟ್ಟಿಗೆ, ಇನ್ನೊಂದು ಕಡೆ ತಟ್ಟಿ. ಮಧ್ಯದ ಹನ್ನೆರಡು ಸಾವಿರ ಚದರ ಅಡಿ ಯಾರದ್ದೂ ಅಲ್ಲದ ಜಾಗವಾಯಿತು. ಕಳೆ ಮೊಣಕಾಲು ದಾಟಿತು. ಪಡುವಲ ಮೂಲೆಯ ಸೋರೆ ಚಪ್ಪರದ ಹತ್ತಿರಕ್ಕೆ ಹೋಗುತ್ತಿದ್ದವಳು ಅಕ್ಕ ಒಬ್ಬಳೇ. ಅವಳ ಮನೆಯ ಮುಂದಿನಿಂದ ಓಣಿ ಹಿಡಿದು ಗೇಟಿಗೆ ನೂರ ಎಂಬತ್ತು ಅಡಿ, ಗೇಟಿನಿಂದ ಒಳಗೆ ಮತ್ತೆ ನೂರ ಎಂಬತ್ತು ಅಡಿ. ಗೋಡೆಯ ದಪ್ಪ ಒಂದೂವರೆ ಅಡಿ.

೧೯೪೩ರ ಅವರೆಕಾಯಿ ಕಾಲ. ಚರಂಡಿ ನೀರು ನಿಂತು ನಿಂತು ಬಡಗಲ ಸಾಲಿನ ಅಡುಗೆಮನೆ ಗೋಡೆಗಳಿಗೆ ತೇವ ಏರಿತ್ತು. ಹಳೆಯ ಗಾರೆಯನ್ನು ಕೆತ್ತಿ ಹೊಸದು ಬಳಿಯುವುದಕ್ಕೆ ಆ ದಿನ ನಾನೊಬ್ಬನೇ ಹೋಗಿದ್ದೆ. ಎಂಟನೆಯ ಮನೆ, ಜಯಮ್ಮನವರದು, ಅಕ್ಕನ ಮನೆಯ ಪಕ್ಕದ್ದು. ಮೊದಲು ಕೆಲಸ, ಮಧ್ಯಾಹ್ನ ಅಕ್ಕನ ಮನೆಯಲ್ಲಿ ಊಟ ಎಂದುಕೊಂಡು ಅವಳನ್ನು ಮಾತಾಡಿಸದೆ ನೇರ ಅಲ್ಲಿಗೆ ಹೋದೆ. ಒಂಬತ್ತು ಗಂಟೆಯಿರಬೇಕು. ಮುಚ್ಚಿದ ಹಿಂಬಾಗಿಲ ಮೇಲಿನ ಗಾರೆಯನ್ನು ಸುತ್ತಿಗೆ, ಉಳಿ ಹಿಡಿದು ಕೆತ್ತುತ್ತಿದ್ದೆ.

ಸ್ವಲ್ಪ ಹೊತ್ತಿಗೆ ಬಚ್ಚಲ ತೂಬಿನ ಕಡೆಯಿಂದ ಹೆಂಗಸಿನ ದನಿ ಬಂತು. ಮಾತು ಬಿಡಿಯಾಗಿ ಕೇಳಿಸಲಿಲ್ಲ. ಎತ್ತರದ ದನಿ, ಎಳೆದು ಕೂಗಿದ ಹಾಗೆ. ನಾನು ಸುತ್ತಿಗೆ ನಿಲ್ಲಿಸಿದೆ.

"ಅದ್ಯಾರಮ್ಮ ಕೂಗೋದು?"

ಜಯಮ್ಮ ಅಕ್ಕಿ ಆರಿಸುತ್ತಿದ್ದರು. ತಲೆ ಎತ್ತಲಿಲ್ಲ. "ಆ ಕಡೆ ಸಾಲ್ನೋರ ಕಿತ್ತಾಟ. ದಿನಾ ಇದ್ದದ್ದೆಯ. ನೀನು ಬಿರ್ರನೆ ಮುಗ್ಸಪ್ಪ, ನಾನು ಒಲೆ ಅಚ್ಬೇಕು."

ಒಂದು ಗಳಿಗೆ ನಿಂತೆ. ದನಿ ಮತ್ತೆ ಬಂತು. ಹೋಗಿ ನೋಡಬೇಕೆಂದರೆ ಹೊರಗೆ ಹೋಗಿ, ಓಣಿ ಸುತ್ತಿ, ಗೇಟು ದಾಟಿ, ಆ ಹೊಲಸಿನಲ್ಲಿ ಕಾಲಿಟ್ಟುಕೊಂಡು ಹೋಗಬೇಕು. ಹೋಗಿ ಯಾರದೋ ಜಗಳದ ನಡುವೆ ನಿಲ್ಲಬೇಕು. ಸಂಜೆಯೊಳಗೆ ಮೂರು ಮನೆ ಮುಗಿಸಬೇಕಿತ್ತು. ಸುತ್ತಿಗೆ ಎತ್ತಿಕೊಂಡೆ.

ಹುಟ್ಟಿದಾಗಿನಿಂದ ಕೇಳಿದ ದನಿ ಅದು. ಅದು ನನಗೆ ಗೊತ್ತಾಗಲಿಲ್ಲ.

ಎಂಟನೆಯ ಮನೆ ಮುಗಿಸಿ ಏಳನೆಯದಕ್ಕೆ ಹೋದೆ. ಅಲ್ಲಿಗೆ ದನಿ ಕೇಳಲಿಲ್ಲ. ಮಧ್ಯಾಹ್ನ ಕೈಕಾಲು ತೊಳೆದು ಅಕ್ಕನ ಮನೆಗೆ ಹೋದರೆ ಬಾಗಿಲಿಗೆ ಚಿಲಕ ಮಾತ್ರ ಹಾಕಿತ್ತು. ಸಂತೆಗೆ ಹೋಗಿರಬೇಕು ಎಂದು ಜಗಲಿಯ ಮೇಲೆ ಕುಳಿತೆ. ಸುಸ್ತಾಗಿತ್ತು, ಗೋಡೆಗೊರಗಿ ಸ್ವಲ್ಪ ಕಣ್ಣನ್ನೂ ಮುಚ್ಚಿದೆ. ಎರಡು ಗಂಟೆಗೆ ಭಾವ ಊಟಕ್ಕೆ ಬಂದರು.

"ಎಲ್ಲವ್ಳೆ ನಿಮ್ಮಕ್ಕ?"

"ನಾ ಬಂದಾಗ್ಲಿಂದ ಇಲ್ಲ ಭಾವ. ಸಂತೆಗೋಗವ್ಳಾ?"

ಭಾವ ಒಳಗೆ ಹೋಗಿ ಬಂದರು. "ಒಲೆ ಮ್ಯಾಲೆ ಎಸರು ಅಂಗೇ ಅದೆ. ಬೆಂಕಿ ಆರೋಗದೆ." ಅವರ ಮುಖ ಬದಲಾಗಿತ್ತು. ಎಸರಿಟ್ಟವಳು ಸಂತೆಗೆ ಹೋಗುವುದಿಲ್ಲ. ಸೊಪ್ಪಿಗೆ ಹೋಗುತ್ತಾಳೆ.

ಇಬ್ಬರೂ ಓಡಿದೆವು. ಆ ಮುನ್ನೂರ ಅರವತ್ತು ಅಡಿ ಅಷ್ಟು ಉದ್ದವೆಂದು ನನಗೆ ಗೊತ್ತೇ ಇರಲಿಲ್ಲ.

ಸೋರೆ ಚಪ್ಪರದ ಹಿಂದೆ, ಚರಂಡಿಗೆ ಅಡ್ಡ ಹಾಕಿದ್ದ ಚಪ್ಪಡಿ ಪಾಚಿ ಕಟ್ಟಿತ್ತು. ಅದರ ಮೇಲೆ ಜಾರಿ ಅಕ್ಕ ಚರಂಡಿಯೊಳಕ್ಕೆ ಬಿದ್ದಿದ್ದಳು. ತೊಡೆಯ ಮೂಳೆ ಮುರಿದು ಕಾಲು ಬೇರೊಬ್ಬರದೆಂಬಂತೆ ತಿರುಗಿತ್ತು. ಸೊಂಟದವರೆಗೆ ಕಪ್ಪು ನೀರು. ಒಂದು ಕೈಯಲ್ಲಿ ಸೊಪ್ಪಿನ ಕಟ್ಟು ಹಾಗೇ ಇತ್ತು. ಇನ್ನೊಂದು ಕೈ ಗೋಡೆಯ ಮೇಲೆ. ಆ ಕೈಯ ಉಗುರುಗಳಲ್ಲಿ ರಕ್ತ, ಸುಣ್ಣ. ನಾನು ಮುಚ್ಚಿದ ಅವಳದೇ ಬಾಗಿಲು ಕೈಗೆಟುಕುವಷ್ಟೇ ದೂರದಲ್ಲಿತ್ತು. ಬಾಯಿ ತೆರೆದಳು, ದನಿ ಬರಲಿಲ್ಲ. ತುಟಿ ನೋಡಿ ನೀರು ಎನ್ನುತ್ತಿದ್ದಾಳೆಂದು ತಿಳಿಯಿತು.

ಭಾವ ಕಿರುಚಿಕೊಂಡರು. ಗಂಡಸಿನ ಕಿರುಚಾಟಕ್ಕೆ ಹತ್ತೂ ತಟ್ಟಿಗಳು ಒಂದೊಂದಾಗಿ ಸರಿದವು. ಗೇಟಿನಿಂದ ಬಡಗಲ ಸಾಲಿನವರೂ ಬಂದರು. ಅರ್ಧ ಗಳಿಗೆಯಲ್ಲಿ ಐವತ್ತು ಅರವತ್ತು ಜನ ಸೇರಿದರು.

"ಕೂಗು ಕೇಳಿಸ್ತು ಕಣಮ್ಮ. ಗಿರಣಿಯೋರ ಮನೇಲಿ ಗಂಡ ಎಂಡ್ತಿ ಜಗಳ ಅಂದ್ಕಂಡೊ," ಎಂದರು ತೆಂಕಲ ಸಾಲಿನ ಗೌರಮ್ಮ. ಗುಮಾಸ್ತರ ಹೆಂಡತಿ, ತಟ್ಟಿ ಕಟ್ಟಿದವರಲ್ಲಿ ಮೊದಲಿಗರು.

"ನಾವು ನಿಮ್ ಕಡೆ ಗಲಾಟೆ ಅಂದ್ಕಂಡೊ," ಎಂದರು ಜಯಮ್ಮ.

ಇಪ್ಪತ್ತು ಮನೆಯಲ್ಲಿ ಕನಿಷ್ಠ ಹನ್ನೆರಡು ಮನೆಯವರಿಗೆ ಆ ಕೂಗು ಕೇಳಿಸಿತ್ತು. ಐದು ಗಂಟೆ ಹೊತ್ತು. ಒಬ್ಬರೂ ಕೆಟ್ಟವರಲ್ಲ. ಕಾಯಿಲೆ ಬಿದ್ದರೆ ಗಂಜಿ ಕಾಯಿಸಿ ಕೊಡುವ ಜನವೇ. ನನಗೆ ಆ ಹೊತ್ತಿಗೆ ಸಿಡಿಲು ಹೊಡೆದಂತಾದದ್ದು ಇದೇ. ಎಲ್ಲರಿಗೂ ಕೇಳಿಸಿತ್ತು, ಯಾರಿಗೂ ಅದು ತಮ್ಮ ಕಡೆಯದೆನಿಸಿರಲಿಲ್ಲ.

ಗಾಡಿಯಲ್ಲಿ ಹುಲ್ಲು ಹಾಸಿ ಆಸ್ಪತ್ರೆಗೆ ಸಾಗಿಸಿದೆವು. ದಾರಿಯಲ್ಲಿ ಭಾವ ಕೇಳಿದರು, "ಬೆಳಗಿಂದ ನೀನು ಅಲ್ಲೇ ಕೆಲ್ಸ ಮಾಡ್ತಿದ್ದೆಯಲ್ಲೋ. ನಿಂಗೂ ಕೇಳುಸ್ಲಿಲ್ವಾ?"

"ಇಲ್ಲ ಭಾವ. ಸುತ್ತಿಗೆ ಸದ್ದು," ಎಂದೆ.

ಅಕ್ಕ ಹುಲ್ಲಿನ ಮೇಲೆ ಕಣ್ಣು ಮುಚ್ಚಿ ಮಲಗಿದ್ದಳು.

ವೈದ್ಯರು ಎರಡು ದಿನ ಏನೂ ಹೇಳಲಿಲ್ಲ. ಕೊಳಚೆ ನೀರಿನ ನಂಜು ಏರಿ ಜ್ವರ ಬಂತು. ಕಾಲು ತೆಗೆಯಬೇಕಾದೀತು, ಅದಕ್ಕೂ ಮುಂಚೆ ಜೀವ ಹೋದೀತು ಎಂದರು. ಹನ್ನೊಂದನೆಯ ದಿನ ಜ್ವರ ಇಳಿಯಿತು. ಕಾಲು ಉಳಿಯಿತು, ಒಂದೂವರೆ ಅಂಗುಲ ಗಿಡ್ಡವಾಗಿ. ಎರಡೂವರೆ ತಿಂಗಳು ಅವಳು ಮಂಚದ ಮೇಲೆ ಕಾಲಿಗೆ ಭಾರ ಕಟ್ಟಿಸಿಕೊಂಡು ಮಲಗಿದಳು.

ಆ ನಡುವೆ ಓವರ್ಸಿಯರ್ ಶೇಷಾದ್ರಿಗಳು ಯಾವುದೋ ಕೆಲಸಕ್ಕೆ ಮಂಡ್ಯಕ್ಕೆ ಬಂದವರು, ತಾವು ಬರೆದ ವಠಾರ ನೋಡೋಣವೆಂದು ಬಂದರು. ಗೇಟಿನೊಳಗೆ ಬಂದು ನಿಂತರು. ಬಡಗಲ ಸಾಲಿನ ಬೆನ್ನುಗೋಡೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ಆಮೇಲೆ ಪ್ಲಾನು ಕೇಳಿದರು. ನಾನು ಪೆಟ್ಟಿಗೆಯಿಂದ ತಂದುಕೊಟ್ಟೆ.

"ಮೇಸ್ತ್ರಿ, ಇದು ಏನು?" ಎಂದು ಜಗಲಿಯ ಪಕ್ಕದ ಆ ಚಿಕ್ಕ ಗೆರೆಯ ಮೇಲೆ ಬೆರಳಿಟ್ಟರು.

"ದೀಪದ ಗೂಡು, ಸ್ವಾಮಿ."

"ಬಾಗಿಲು. ಜಗಲಿ ಹತ್ತಿ ಪಕ್ಕಕ್ಕೆ ತಿರುಗಿದರೆ ಬಾಗಿಲು. ಮೂಡಲಿಗೆ ಮುಖ. ತೆಂಕಲು ಬಾಗಿಲು ಯಾರೂ ಒಪ್ಪುವುದಿಲ್ಲ ಎಂದು ನನಗೆ ಗೊತ್ತಿರಲಿಲ್ಲವೇ? ನಾನೂ ಇದೇ ಸೀಮೆಯವನು."

ಓದಲು ಬಾರದ ಆ ಒಂದು ಗೆರೆಯ ಬಗ್ಗೆ ಯಾರನ್ನಾದರೂ ಕೇಳಿದ್ದರೆ ಸಾಲು ತಿರುಗಿಸುವ ಅಗತ್ಯವೇ ಇರಲಿಲ್ಲ.

ಅವರು ಬಯ್ಯಲಿಲ್ಲ. "ನಾನು ಮೊದಲು ಅಂಗಳ ಬರೆದೆ. ಆಮೇಲೆ ಅದರ ಸುತ್ತ ಮನೆ ಇಟ್ಟೆ," ಎಂದರು. "ನೀವು ಮನೆ ಕಟ್ಟಿ, ಮಿಕ್ಕಿದ್ದಕ್ಕೆ ಅಂಗಳ ಅಂದಿರಿ."

ಇಡೀ ಸಾಲನ್ನು ಕೆಡವಿ ಕಟ್ಟಲು ಸಾಧ್ಯವಿರಲಿಲ್ಲ. ಯುದ್ಧದ ಕಾಲ, ಸಾಮಾನು ಸಿಗುತ್ತಿರಲಿಲ್ಲ. ಮುಚ್ಚಿದ ಹಿಂಬಾಗಿಲುಗಳನ್ನು ತೆರೆಯುವುದೊಂದೇ ದಾರಿ. ಆದರೆ ನೀರಿಗೆ ಬೇರೆ ದಾರಿ ಮಾಡದೆ ತೆರೆದರೆ ಹಳೆಯ ಜಗಳ ಮತ್ತೆ ಏಳುತ್ತದೆ. ಓವರ್ಸಿಯರ್ ತಾವೇ ರಸಮಟ್ಟ ಹಿಡಿದು ನೋಡಿದರು. ಓಣಿ ಅಂಗಳಕ್ಕಿಂತ ಒಂಬತ್ತು ಅಂಗುಲ ಎತ್ತರವಿತ್ತು, ನೀರು ಆ ಕಡೆ ಹೋಗುವುದಿಲ್ಲ. ಪಡುವಲಿಗೆ ಇಳಿಜಾರು ಸಿಗುತ್ತಿತ್ತು. ಗೋಡೆಯ ಬುಡಕ್ಕೇ ಕಲ್ಲು ಚಪ್ಪಡಿ ಮುಚ್ಚಿದ ಮೋರಿ ಮಾಡಿ, ಪಡುವಲ ತುದಿಯ ಗುಂಡಿಗೆ ಬಿಟ್ಟು, ಅಲ್ಲಿ ಬಾಳೆ ಹಾಕಿ ಎಂದರು.

ಸಾಹುಕಾರರು ಮೊದಲು ಒಪ್ಪಲಿಲ್ಲ.

"ಮುಚ್ಚು ಅಂದಾಗ ಮುಚ್ದೆ, ಈಗ ತೆಗೀತೀನಿ ಅಂತೀಯ. ಏನ್ಲಾ ಇದು, ಗೊಂಬೆ ಮನೆಯಾ?"

"ನನ್ ಕೈತಪ್ಪು ಸಾವ್ಕಾರ್ರೆ. ನನ್ ಕೈಯಿಂದ್ಲೇ ತೆಗೀತೀನಿ. ನಿಮ್ ಆಳು ಬ್ಯಾಡ."

ಹೆಚ್ಚು ಕಷ್ಟವಾಗಬಹುದೆಂದು ಅಂಜಿದ್ದು ತೆಂಕಲ ಸಾಲಿನವರ ಬಗ್ಗೆ. ಗೌರಮ್ಮನವರ ತಟ್ಟಿಯ ಮುಂದೆ ನಿಂತು ವಿಷಯ ಹೇಳಿದೆ.

"ನೀರು ಈ ಕಡೀಕ್ ಬರದಂಗೆ ಮಾಡ್ತೀಯಾ?"

"ಮಾಡ್ತೀನಿ ಕಣಮ್ಮ."

"ಮಾಡು. ಆವತ್ತಿಂದ ಈ ತಟ್ಟಿ ಕಂಡ್ರೆ ಅನ್ನ ಒಳೀಕ್ ಇಳೀತಿಲ್ಲ ನಂಗೆ. ನಾನೇ ಕಿತ್ತು ಒಲೆಗಾಕ್ತೀನಿ."

ಮೋರಿಗೆ ಐದು ವಾರ ಹಿಡಿಯಿತು. ಬಾಗಿಲುಗಳಿಗೆ ಎರಡು ವಾರ. ಆಳುಗಳನ್ನು ಕರೆಯಲಿಲ್ಲ. ಆದರೂ ಇಬ್ಬರು ತಾವಾಗಿಯೇ ಬಂದು ಕೈ ಜೋಡಿಸಿದರು. ಅಕ್ಕನ ಬಾಗಿಲನ್ನು ಕೊನೆಗೆ ತೆಗೆದೆ. ಒಳಗಿನಿಂದ ಒಡೆಯುವಾಗ ಹೊರಮೈಯ ಇಟ್ಟಿಗೆಯ ಅಂಚಿನಲ್ಲಿ ಬೆರಳಿನಿಂದ ಪರಚಿದ ಗುರುತುಗಳಿದ್ದವು. ಆ ಇಟ್ಟಿಗೆಯನ್ನು ಯಾರಿಗೂ ತೋರಿಸದೆ ಒಡೆದು ಮೋರಿಯ ತಳಕ್ಕೆ ಹಾಕಿದೆ.

ಎಲ್ಲವೂ ಸರಿಹೋಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಗೌರಮ್ಮನವರ ತಟ್ಟಿ ಮರುದಿನವೇ ಹೋಯಿತು, ಉಳಿದವು ಒಂದೊಂದಾಗಿ ಹೋದವು. ಮೇಷ್ಟ್ರ ಮನೆಯ ತಟ್ಟಿ ಮಾತ್ರ ೧೯೪೭ರಲ್ಲೂ ಇತ್ತು. ಆದರೆ ಹಿಂಬಾಗಿಲು ತೆರೆದ ತಿಂಗಳಲ್ಲಿ ಹೆಂಗಸರು ಮೊರ ಹಿಡಿದು ಹೊಸ್ತಿಲಿಗೆ ಬಂದರು. ಎದುರಿನ ಜಗಲಿಯಿಂದ "ಏನ್ ಸಾರಮ್ಮ ಇವತ್ತು?" ಎಂಬ ಮಾತು ಬಂತು. ಕಳೆ ಕಿತ್ತರು. ಅಕ್ಕ ಬರುವ ಹೊತ್ತಿಗೆ ಅವಳ ಅವರೆ ಸಾಲನ್ನು ಗೌರಮ್ಮನೇ ಬಿಡಿಸಿ, ಬೀಜಕ್ಕೆ ಒಂದು ಮಡಕೆ ಇಟ್ಟಿದ್ದರು.

ಅಕ್ಕ ಮನೆಗೆ ಬಂದದ್ದು ಶಿವರಾತ್ರಿಯ ಹಿಂದಿನ ವಾರ. ಭಾವ ಗಿರಣಿಗೆ ಹೋದ ಮೇಲೆ ನಾನು ಅವಳನ್ನು ಹಿಡಿದು ನಡೆಸಿಕೊಂಡು ಹಿಂಬಾಗಿಲ ಹೊಸ್ತಿಲ ಮೇಲೆ ಕೂರಿಸಿದೆ. ಅವಳು ಅಂಗಳ ನೋಡುತ್ತಿದ್ದಳು. ಏನಾದರೂ ಹೇಳಬೇಕೆಂದು ನಾನು, "ನೋಡಕ್ಕಾ, ಇನ್ ಮೇಲೆ ಸುತ್ತಾಕ್ಕಂಡು ಓಗಂಗಿಲ್ಲ," ಎಂದೆ.

ಅವಳು ನನ್ನ ಕಡೆ ತಿರುಗದೆ ಮಾತಾಡಿದಳು.

"ಆವತ್ತು ಗೋಡೆಯಾಚೆ ನಿನ್ ಸುತ್ತಿಗೆ ಸದ್ದು ಕೇಳ್ತಿತ್ತು ಕಣ್ಲಾ. ಎರಡೇಟು ಒಡ್ದು ಒಂದ್ ಚಣ ನಿಲ್ಲುಸ್ತೀಯಲ್ಲ ನೀನು, ಅಪ್ಪನಂಗೆಯ. ನೀನೇ ಅಂತ ಗೊತ್ತಾಯ್ತು. ಮಾದೇವಾ ಅಂತ ಕೂಗ್ದೆ. ಸುತ್ತಿಗೆ ನಿಂತೋಯ್ತು. ಬತ್ತಾವ್ನೆ ಅಂದ್ಕಂಡೆ."

ಅವಳು ಹೊಸ್ತಿಲ ಮೇಲಿನ ಗಾರೆಯ ಪುಡಿಯನ್ನು ಸೆರಗಿನಿಂದ ಒರೆಸಿದಳು.

"ಆಮೇಲೆ ತಿರ್ಗಾ ಸುರುವಾಯ್ತು."

ಗಿಡ್ಡವಾದ ಕಾಲನ್ನು ಕೈಯಿಂದ ಎಳೆದು ಸರಿಮಾಡಿಕೊಂಡು, "ನಿಮ್ ಭಾವಂಗೆ ಯೋಳಿಲ್ಲ. ಯೋಳಾದೂ ಇಲ್ಲ, ಬುಡು. ಓಗು, ಆ ಮೊರ ತಗಬಾ," ಎಂದಳು.

ನಾನು ಮೊರ ತಂದುಕೊಟ್ಟೆ. ಕ್ಷಮಿಸು ಅನ್ನಲಿಲ್ಲ. ನನ್ನ ಬಾಯಿಂದ ಆ ಮಾತು ಆಗ ಬರಲಿಲ್ಲ, ಆಮೇಲೆ ಹದಿನೇಳು ವರ್ಷ ಅವಳು ಬದುಕಿದ್ದಳು, ಆಗಲೂ ಬರಲಿಲ್ಲ. ಅವಳು ಕುಂಟುತ್ತ ಎದುರಿಗೆ ಬಂದಾಗಲೆಲ್ಲ ನಾನು ಬೇರೆ ಮಾತು ಎತ್ತುತ್ತಿದ್ದೆ.

ಈಗ ಪಟ್ಟಣಗಳಲ್ಲಿ ಮನೆಯ ಮೇಲೆ ಮನೆಯಿಟ್ಟು ಅಪಾರ್ಟ್‌ಮೆಂಟ್ ಕಟ್ಟುತ್ತಾರೆ. ಮಧ್ಯೆ ಪಾರ್ಕು ಬಿಟ್ಟಿದ್ದೇವೆ ಎನ್ನುತ್ತಾರೆ. ಎಷ್ಟು ಚದರ ಅಡಿ ಬಿಟ್ಟಿರಿ ಎಂದು ನಾನು ಕೇಳುವುದಿಲ್ಲ. ನಾನು ಹಾಳು ಮಾಡಿದ ಅಂಗಳದಲ್ಲಿ ಜಾಗಕ್ಕೇನೂ ಕೊರತೆಯಿರಲಿಲ್ಲ. ಎಷ್ಟು ಬಾಗಿಲು ಅದರ ಕಡೆ ತೆರೆಯುತ್ತವೆ, ಒಲೆಯ ಮುಂದಿರುವವರಿಗೆ ಅದು ಕಾಣುತ್ತದೆಯೇ, ಕೊಳಚೆ ಯಾವ ಕಡೆ ಹೋಗುತ್ತದೆ ಎಂದು ಕೇಳುತ್ತೇನೆ. ಹಸಿರು ಉಳಿಯುವುದೂ ಅದರಿಂದ, ಮನುಷ್ಯರು ಉಳಿಯುವುದೂ ಅದರಿಂದ.

ಆ ವರ್ಷದಿಂದ, ಯಾವ ವಠಾರಕ್ಕೆ ದಾರ ಕಟ್ಟಿದರೂ ನಾನು ಮೊದಲು ನಡುವಿನ ಖಾಲಿ ಜಾಗದಲ್ಲಿ ನಿಂತು ಒಮ್ಮೆ ಗಟ್ಟಿಯಾಗಿ ಕೂಗುತ್ತಿದ್ದೆ. ಗೂಟಗಳ ಲೆಕ್ಕದಲ್ಲಿ ಎಷ್ಟು ಬಾಗಿಲಿನಿಂದ ಜನ ಹೊರಗೆ ಬರಬಹುದೆಂದು ಎಣಿಸುತ್ತಿದ್ದೆ. ಎಣಿಕೆ ಕಡಿಮೆ ಬಂದರೆ ಗೂಟ ಕಿತ್ತು ಬೇರೆ ಕಡೆ ಹೊಡೆಸುತ್ತಿದ್ದೆ. ಮೇಸ್ತ್ರಿಗೆ ತಲೆ ಕೆಟ್ಟಿದೆ ಎಂದು ಆಳುಗಳು ನಗುತ್ತಿದ್ದರು. ಯಾರನ್ನು ಕೂಗುತ್ತೀರಿ ಎಂದು ಕೇಳುತ್ತಿದ್ದರು. ಅವರಿಗೆ ನಾನು ಹೇಳಿದ್ದಿಲ್ಲ.